ದುಡ್ಡು ಯಾರದ್ದೇ ಇರಲಿ, ರಶೀದಿ ನಿಮ್ಮದು

ಪ್ರಶ್ನೆ: ಡಿ.ಫಾರ್ಮ್ (ಫಾರ್ಮಸಿ ಡಿಪ್ಲೊಮಾ) ಮುಗಿಸಿ ಎರಡು ವರ್ಷದಿಂದ ನಾಪೋಕ್ಲುವಿನ ಮೆಡಿಕಲ್ ಶಾಪ್ ಒಂದರಲ್ಲಿ ಕೆಲಸದಲ್ಲಿದ್ದೇನೆ. ರಿಜಿಸ್ಟ್ರೇಶನ್‌ಗೆ ಆಗಲೇ ದುಡ್ಡು ಕಟ್ಟಿದ್ದೆ. ಈಗ ಮತ್ತೆ ರಿನ್ಯೂವಲ್ ಫೀ ಅಂತೆ. ಅಂಗಡಿಯ ಲೈಸೆನ್ಸಿಗೆ ಮಾಲೀಕರು ಹೇಗೂ ಕಟ್ಟುತ್ತಾರೆ. ನಾನು ಬೇರೆ ಯಾಕೆ ಕಟ್ಟಬೇಕು? "ಎಲ್ಲಾ ನಾನೇ ನೋಡ್ಕೊಳ್ತೇನೆ ಬಿಡಮ್ಮ" ಅನ್ನುತ್ತಾರೆ ಅವರು. ಅವರಿಗೇ ಬಿಟ್ಟುಬಿಡಲೇ?
— ಓದುಗರೊಬ್ಬರು, ನಾಪೋಕ್ಲು

ಉತ್ತರ: ಬಿಡಬೇಡಿ ತಂಗಿ. ಅವು ಎರಡೂ ಬೇರೆ ಬೇರೆ. ಲೈಸೆನ್ಸ್ ಅಂಗಡಿಗೆ, ಅದನ್ನು ಕೊಡುವುದು ಔಷಧ ನಿಯಂತ್ರಣ ಇಲಾಖೆ. ರಿಜಿಸ್ಟ್ರೇಶನ್ ನಿಮಗೆ, ಅದು ರಾಜ್ಯ ಫಾರ್ಮಸಿ ಕೌನ್ಸಿಲ್‌ನದ್ದು. ನಾಳೆ ನೀವು ವಿರಾಜಪೇಟೆಗೆ ಹೋದರೆ ಲೈಸೆನ್ಸ್ ನಾಪೋಕ್ಲುವಿನಲ್ಲೇ ಉಳಿಯುತ್ತದೆ, ರಿಜಿಸ್ಟ್ರೇಶನ್ ನಿಮ್ಮ ಜೊತೆ ಬಸ್ಸು ಹತ್ತುತ್ತದೆ.

ಫಾರ್ಮಸಿ ಕಾಯ್ದೆ 1948ರದ್ದು. ಅದರ 34ನೇ ಕಲಂ ಪ್ರಕಾರ, ಕೌನ್ಸಿಲ್‌ನ ಫಾರ್ಮಸಿಸ್ಟರ ಪಟ್ಟಿಗೆ ಹೆಸರು ಸೇರಿದ ವರ್ಷ ಮತ್ತು ಅದರ ಮುಂದಿನ ವರ್ಷ ಮುಗಿದ ಮೇಲೆ ಹೆಸರು ಉಳಿಯಬೇಕಾದರೆ ರಿನ್ಯೂವಲ್ ಫೀ ಕಟ್ಟಬೇಕು, ಏಪ್ರಿಲ್ 1ರ ಒಳಗೆ. ನಿಮಗೆ ಈಗ ಬಂದಿರುವುದು ಅದೇ. ಕಟ್ಟದಿದ್ದರೆ ಹೆಸರು ತೆಗೆಯುತ್ತಾರೆ. ಹೆಸರಿಲ್ಲದವರು ಡಾಕ್ಟರ ಚೀಟಿ ನೋಡಿ ಔಷಧಿ ಕೊಟ್ಟರೆ 42ನೇ ಕಲಂನಲ್ಲಿ ಅಪರಾಧ.

ನನಗೇ ಆದದ್ದು ಹೇಳುತ್ತೇನೆ. ಆಗಿನ್ನೂ ಫೀಯನ್ನು ಡಿ.ಡಿ.ಯಲ್ಲಿ (ಬ್ಯಾಂಕಿನ ಡಿಮ್ಯಾಂಡ್ ಡ್ರಾಫ್ಟ್) ಕಳಿಸುವ ಕಾಲ. ಮಡಿಕೇರಿಯ ಬ್ಯಾಂಕಿನಲ್ಲಿ ಡಿ.ಡಿ. ತೆಗೆದೆ, ಪೋಸ್ಟ್ ಮಾಡೋಣ ಅಂತ ಸ್ಟಾಕ್ ಪುಸ್ತಕದೊಳಗೆ ಇಟ್ಟೆ. ಮಾರ್ಚ್ ತಿಂಗಳು, ಮನೆಯಲ್ಲಿ ಕರಿಮೆಣಸು ಕುಯ್ಲು, ಮೇಲಿಂದ ಕಾಫಿ ಹೂ ಅರಳಿಸುವ ಹೂಮಳೆ ಬರುತ್ತದೋ ಇಲ್ಲವೋ ಅನ್ನುವ ತಲೆಬಿಸಿ. ಮರೆತೇಹೋಯಿತು. ಕಕ್ಕಡದ (ನಮ್ಮ ಆಟಿ ತಿಂಗಳು) ಮಳೆಗೆ ಪುಸ್ತಕ ಬೂಸಲು ಹಿಡಿದಿದೆಯಲ್ಲ ಅಂತ ಒರೆಸಲು ಬಿಡಿಸಿದರೆ, ಒಳಗೆ ಡಿ.ಡಿ.! ಹೆಸರು ಮತ್ತೆ ಸೇರಿಸಲು ಅರ್ಜಿ ಹಿಡಿದು ಬೆಂಗಳೂರಿಗೆ ಓಡಿದೆ. ಅದು ಮುಗಿಯುವ ತನಕ ಮಾಲೀಕರು ಗೋಣಿಕೊಪ್ಪದಿಂದ ಇನ್ನೊಬ್ಬ ಫಾರ್ಮಸಿಸ್ಟನ್ನು ಕರೆಸಿ ಕೌಂಟರಿನಲ್ಲಿ ನಿಲ್ಲಿಸಿದರು. ನಾನು ಹಿಂದಿನ ಕೋಣೆಯಲ್ಲಿ ಸಿರಪ್ ಡಬ್ಬ ಎಣಿಸುತ್ತಾ ಕೂತೆ. ಪಕ್ಕದ ಅಂಗಡಿಯವರು ಬಂದು "ಹುಷಾರಿಲ್ವಾ?" ಅಂತ ಬೇರೆ ಕೇಳಿ ಹೋದರು.

ಈ ದುಡ್ಡು ಎಲ್ಲಿಗೆ ಹೋಗುತ್ತದೆ ಅಂದಿರಾ? ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ರಾಜ್ಯ ಕೌನ್ಸಿಲ್ ತನಗೆ ಬಂದ ಫೀಯಲ್ಲಿ ಕಾಲು ಭಾಗ ಕೇಂದ್ರದ ಕೌನ್ಸಿಲಿಗೆ ಕೊಡಬೇಕು, ಕಾಯ್ದೆಯಲ್ಲೇ ಇದೆ. ನೂರು ಕಟ್ಟಿದರೆ 25 ದಿಲ್ಲಿಗೆ. ಫೀ ಜಾಸ್ತಿ ಅಂತ ಗೊಣಗುವುದು ನನ್ನ ಹಳೇ ಚಾಳಿ. ಕೌಂಟರ್ ಬಿಟ್ಟ ಮೇಲೂ ಗೊಣಗುತ್ತಲೇ ಕಟ್ಟುತ್ತಿದ್ದೇನೆ, ಮನೆಯವಳು ನಗುತ್ತಾಳೆ.

ಮಾಲೀಕರು ದುಡ್ಡು ಕೊಡುತ್ತೇನೆ ಅಂದರೆ ಬೇಡ ಅನ್ನಬೇಡಿ, ಸುಮ್ನೆ ತಗೊಳ್ಳಿ. ಕಟ್ಟುವುದು ಮಾತ್ರ ನೀವೇ. ರಿನ್ಯೂವಲ್ ಆಗಿದೆ ಅನ್ನುವುದಕ್ಕೆ ಆ ರಶೀದಿಯೇ ಸಾಕ್ಷಿ. ಅದು ನಿಮ್ಮ ಹತ್ತಿರ ಇರಲಿ, ಫೋಟೋ ಫೋನಿನಲ್ಲಿರಲಿ. ಕೆಲಸ ಬಿಡುವ ದಿನ ಗೋಡೆಗೆ ತೂಗುಹಾಕಿದ ನಿಮ್ಮ ಸರ್ಟಿಫಿಕೇಟನ್ನೂ ಇಳಿಸಿಕೊಂಡೇ ಹೊರಡಿ.