ರೆಪೊ ದರಕ್ಕೆ ಹೆದರದ ನೆಟೆ ರೋಗ

ಹಾಸನದ ಓದುಗರೊಬ್ಬರು, ನಿವೃತ್ತ ಬ್ಯಾಂಕ್ ಅಧಿಕಾರಿ, ಬರೆಯುತ್ತಾರೆ: 'ಜನ ಕೈಬಿಚ್ಚಿ ಖರ್ಚು ಮಾಡುವುದೇ ಬೆಲೆ ಏರಿಕೆಗೆ ಕಾರಣ. ರಿಸರ್ವ್ ಬ್ಯಾಂಕ್ ಬಡ್ಡಿ ಏರಿಸಿದಾಗ ನಿಮ್ಮ ಪತ್ರಿಕೆ ಗೊಣಗಿದ್ದೇಕೆ?'

ಸಂಪಾದಕರ ಉತ್ತರ:

ಗೊಣಗಿದ್ದು ನಿಜ, ಮುಂದೆಯೂ ಗೊಣಗುತ್ತೇವೆ. ಬ್ಯಾಂಕಿನಲ್ಲಿ ದುಡಿದ ನಿಮಗೆ ಬೆಲೆಗಳೆಲ್ಲ ಸಾಲದ ಖಾತೆಯಲ್ಲೇ ಹುಟ್ಟುತ್ತವೆ ಎನ್ನಿಸುವುದು ಸಹಜ. 2022ರ ಮೇಯಿಂದ 2023ರ ಫೆಬ್ರುವರಿಯೊಳಗೆ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಕೊಡುವ ಅಲ್ಪಾವಧಿ ಸಾಲದ ಬಡ್ಡಿ, ಶೇ 4ರಿಂದ 6.5ಕ್ಕೆ ಏರಿತು. ಅದೇ ಹಂಗಾಮಿನಲ್ಲಿ ಕಲಬುರಗಿಯ ತೊಗರಿ ಶಿಲೀಂಧ್ರದಿಂದ ಬರುವ ನೆಟೆ ರೋಗಕ್ಕೆ ಸಿಕ್ಕಿ ನಿಂತಲ್ಲೇ ಒಣಗಿತು. ರೆಪೊ ದರಕ್ಕೆ ಹೆದರುವ ಶಿಲೀಂಧ್ರವನ್ನು ನಾನಂತೂ ಕಂಡಿಲ್ಲ. ಮರುವರ್ಷ ಮಳೆಯೇ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರವೇ ಘೋಷಿಸಿತು. ಬೇಳೆ ತುಟ್ಟಿಯಾದದ್ದು ನಾವೆಲ್ಲ ಹೆಚ್ಚು ಸಾರು ಕುಡಿದೆವೆಂದಲ್ಲ.

ಒಂದು ಬೆಳೆಯ ಮಾತು ಬೇರೆ, ದೇಶದ ಒಟ್ಟು ಪೂರೈಕೆಯ ಮಾತು ಬೇರೆ ಎನ್ನುತ್ತೀರೇನೋ. ಹಾಗಿದ್ದರೆ 1979ನೆಯ ಇಸವಿಯನ್ನು ನೆನಪಿಸಿಕೊಳ್ಳಿ. ಅತ್ತ ಇರಾನಿನ ಕ್ರಾಂತಿಯಿಂದ ತೈಲ ದುಬಾರಿ, ಇತ್ತ ಭೀಕರ ಬರ. ಡೀಸೆಲ್ ಏರಿದರೆ ಲಾರಿ ಬಾಡಿಗೆ, ಗೊಬ್ಬರ, ನೀರೆತ್ತುವ ಖರ್ಚು ಎಲ್ಲವೂ ಏರುತ್ತವೆ. ತಾಳಲಾರದವನು ಉತ್ಪಾದನೆ ಇಳಿಸುತ್ತಾನೆ. 1979–80ರಲ್ಲಿ ದೇಶದ ಉತ್ಪನ್ನ ಶೇ 5ಕ್ಕೂ ಹೆಚ್ಚು ಕುಸಿಯಿತು, ಸಗಟು ಬೆಲೆ ಶೇ 17ರಷ್ಟು ಜಿಗಿಯಿತು. ಜನರ ಖರ್ಚೇ ಕಾರಣವಾಗಿದ್ದರೆ ಕಾರ್ಖಾನೆಗಳಿಗೆ ಕೈತುಂಬ ಕೆಲಸವಿರಬೇಕಿತ್ತಲ್ಲ! 2022ರಲ್ಲಿ ಮುದ್ರಣ ಕಾಗದ ತುಟ್ಟಿಯಾದಾಗ ನಾವೂ ಪುಟ ಇಳಿಸಿದೆವು, ಬೆಲೆ ಏರಿಸಿದೆವು. ಓದುಗರು ಮುಗಿಬಿದ್ದರೆಂದಲ್ಲ, ಆ ಭಾಗ್ಯ ನಮಗಿನ್ನೂ ಬಂದಿಲ್ಲ.

ನಿಮ್ಮ ಮಾತಿನಲ್ಲಿ ಹುರುಳಿಲ್ಲ ಎನ್ನುತ್ತಿಲ್ಲ. ಬೆಲೆ ಏರುತ್ತಲೇ ಇರುತ್ತದೆಂದು ಎಲ್ಲರೂ ನಂಬಿಬಿಟ್ಟರೆ ಕೂಲಿ, ಬಾಡಿಗೆಗಳೂ ಅದರ ಬೆನ್ನು ಹತ್ತುತ್ತವೆ. ಆಗ ಬಡ್ಡಿಯ ಲಗಾಮು ಬೇಕು. ಅಮೆರಿಕದ ಕೇಂದ್ರ ಬ್ಯಾಂಕಿನ ಮುಖ್ಯಸ್ಥರಾಗಿದ್ದ ಪಾಲ್ ವೋಲ್ಕರ್ ಹಾಗೆಯೇ ಬೆಲೆಗಳನ್ನು ಹದ್ದುಬಸ್ತಿಗೆ ತಂದರು. 1982ರ ಕೊನೆಗೆ ಅಲ್ಲಿನ ನಿರುದ್ಯೋಗ ಶೇ 10.8 ಮುಟ್ಟಿತ್ತು ಎಂಬುದನ್ನು ಅವರ ಭಕ್ತರು ಮೆಲುದನಿಯಲ್ಲಿ ಹೇಳುತ್ತಾರೆ.

ಪೂರೈಕೆ ಹಿಗ್ಗಿಸಿದ ಪಾಠ ನಮ್ಮಲ್ಲೇ ಇದೆ. ಸಿ. ಸುಬ್ರಮಣ್ಯಂ ಕೃಷಿ ಸಚಿವರಾಗಿದ್ದಾಗ, 1966ರಲ್ಲಿ, ಮೆಕ್ಸಿಕೊದಿಂದ 18,000 ಟನ್ ಗೋಧಿ ಬೀಜ ಬಂತು. 1964–65ರಲ್ಲಿ 1.2 ಕೋಟಿ ಟನ್ನಿನ ಆಸುಪಾಸಿನಲ್ಲಿದ್ದ ಗೋಧಿ 1969–70ಕ್ಕೆ 2 ಕೋಟಿ ಟನ್ ತಲುಪಿತು. ಬೀಜದ ಹಿಂದೆ ನೀರು, ಗೊಬ್ಬರ, ಖರೀದಿಯ ಭರವಸೆ ಎಲ್ಲ ಇದ್ದವು. ತೊಗರಿಯ ಪಾಲಿಗೆ ಆ ಹಟ ಕಾಣಲಿಲ್ಲ. ಬಡ್ಡಿ ಕಾಲು ಪರ್ಸೆಂಟ್ ಅಲುಗಿದರೆ ಟಿ.ವಿ.ಯಲ್ಲಿ ಸಂಜೆಯಿಡೀ ಚರ್ಚೆ. ರೋಗ ತಡೆಯುವ ತಳಿ ಬಂದರೆ ಜಿಲ್ಲಾ ಪುಟದ ಮೂಲೆಯಲ್ಲಿ ನಾಲ್ಕು ಸಾಲು. ಹೂಳು ತುಂಬಿದ ಕೆರೆಗಳಿಗೆ ಅದೂ ಇಲ್ಲ. ನಿಮ್ಮ ಮುಂದಿನ ಪತ್ರ ಹಾಸನದ ಕೆರೆಗಳ ಬಗ್ಗೆ ಇರಲಿ. ಎಷ್ಟೇ ಉದ್ದವಿದ್ದರೂ ಕತ್ತರಿ ಹಾಕದೆ ಅಚ್ಚು ಮಾಡುತ್ತೇವೆ.