200 ಎಂಬಿಪಿಎಸ್ ಪ್ಲಾನ್, ಕೇಬಲ್ ಹಾಕಿದರೂ 94 ದಾಟುತ್ತಿಲ್ಲ. ಹೊಸ ಮೋಡೆಮ್ ತಗೋಬೇಕಾ?

ಈಗಲೇ ತಗೋಬೇಡಿ. ಫೈಬರ್ ಕನೆಕ್ಷನ್, ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿದರೆ 94, ಒಳಗಿನ ರೂಮಿನಲ್ಲಿ ವೈಫೈ 30, ಆಗಾಗ ಪೂರ್ತಿ ಕಟ್ ಅಂತ ಬರೆದಿದ್ದೀರಿ. ಇವು ಮೂರೂ ಬೇರೆ ಬೇರೆ ತೊಂದರೆಗಳು ಅಂತ ನನಗನಿಸುತ್ತದೆ.

94 ಅನ್ನೋದು ದೊಡ್ಡ ಸುಳಿವು. 100 ಎಂಬಿಪಿಎಸ್ ಲಿಂಕ್‌ನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ ಹೆಚ್ಚುಕಡಿಮೆ ಇಷ್ಟೇ ಬರುವುದು. ಅಂದರೆ ಮೋಡೆಮ್ ಪೋರ್ಟು, ಲ್ಯಾಪ್‌ಟಾಪ್ ಪೋರ್ಟು, ನಡುವಿನ ಕೇಬಲ್, ಈ ಮೂರರಲ್ಲಿ ಯಾವುದೋ ಒಂದು 100ಕ್ಕೇ ನಿಂತಿದೆ. ನನ್ನ ಅನುಮಾನ ಮೊದಲು ಕೇಬಲ್ ಮೇಲೆ. ಅದರೊಳಗೆ ಎಂಟು ತಂತಿ ಇರುತ್ತವೆ. ಗಿಗಾಬಿಟ್‌ಗೆ, ಅಂದರೆ 1000 ಎಂಬಿಪಿಎಸ್‌ಗೆ, ಎಂಟೂ ಬೇಕು, 100ಕ್ಕೆ ನಾಲ್ಕೇ ಸಾಕು. ಕ್ಲಿಪ್ ಹತ್ತಿರ ಒಂದು ತಂತಿ ಸಡಿಲವಾದರೂ ಕನೆಕ್ಷನ್ ಕಡಿಯದೆ, ಸುಮ್ನೆ 100ಕ್ಕೆ ಇಳಿದುಬಿಡಬಹುದು. ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಲಿಂಕ್ ಸ್ಪೀಡ್ ನೋಡಿ. 100 ಅಂತಿದ್ದರೆ ಗಿಗಾಬಿಟ್ ತಾಳುವ ಒಂದು ಒಳ್ಳೆ ಕ್ಯಾಟ್ 5ಇ ಕೇಬಲ್ ಹಾಕಿ ನೋಡಿ. ಆಗಲೂ ಏರದಿದ್ದರೆ ಎರಡೂ ಕಡೆಯ ಪೋರ್ಟು ಗಿಗಾಬಿಟ್ಟೋ ಅಲ್ಲವೋ ವಿಚಾರಿಸಿ.

ಇನ್ನು ಕಟ್ ಆಗುವ ವಿಷಯ. ಕಟ್ ಆದ ಕೂಡಲೇ ಸ್ವಿಚ್ ಆಫ್ ಮಾಡಬೇಡಿ, ದಯವಿಟ್ಟು ಮೊದಲು ದೀಪ ನೋಡಿ. ರೀಸ್ಟಾರ್ಟ್ ಮಾಡಿದರೆ ಇರುವ ಸಾಕ್ಷಿಯೂ ಅಳಿಸಿಹೋಗುತ್ತದೆ. ಎಲ್‌ಒಎಸ್ ದೀಪ ಕೆಂಪಾಗಿದ್ದರೆ ಫೈಬರಿನಲ್ಲಿ ಬೆಳಕು ಸರಿಯಾಗಿ ಬರುತ್ತಿಲ್ಲ ಎಂದರ್ಥ. ರೂಟರ್ ಎಷ್ಟು ದುಬಾರಿಯದಾದರೂ ಇದಕ್ಕೆ ಉಪಯೋಗವಿಲ್ಲ. ಮೋಡೆಮ್ ಹಿಂದಿನ ತೆಳು ವೈರು ಮೇಜಿಗೂ ಗೋಡೆಗೂ ನಡುವೆ ಸಿಕ್ಕಿ ಮಡಚಿದೆಯಾ ನೋಡಿ, ಇಲ್ಲದಿದ್ದರೆ ಕಂಪನಿಗೆ ದೂರು ಕೊಡಿ. ಫೈಬರ್ ತುದಿಯನ್ನು ಬಿಚ್ಚಿ ಕಣ್ಣಿಗೆ ಹಿಡಿದು ಮಾತ್ರ ನೋಡಬೇಡಿ, ಅದರಲ್ಲಿರುವುದು ಕಣ್ಣಿಗೆ ಕಾಣದ ಲೇಸರ್. ಪಿಒಎನ್ ದೀಪ (ಕಂಪನಿಯ ಫೈಬರ್ ಜಾಲಕ್ಕೆ ಸಂಪರ್ಕ ಸಿಕ್ಕಿದೆ ಅಂತ ತೋರಿಸುವುದು) ನಿಶ್ಚಲವಾಗಿ ಉರಿಯುತ್ತಿದ್ದು ಇಂಟರ್ನೆಟ್ ದೀಪ ಮಾತ್ರ ಆರಿದ್ದರೆ ಲಾಗಿನ್ ತೊಂದರೆ ಇರಬಹುದು, ಅಥವಾ ಕಂಪನಿ ಕಡೆಯದು. ಎಲ್ಲಾ ದೀಪಗಳೂ ಒಟ್ಟಿಗೆ ಆರಿ ತಾನಾಗೇ ಹತ್ತಿಕೊಂಡರೆ ಅಡಾಪ್ಟರ್ ಸೋತಿರುವ ಸಾಧ್ಯತೆ ಜಾಸ್ತಿ. ಅದೇ ವೋಲ್ಟ್, ಅದೇ ಪಿನ್ನು, ಆಂಪಿಯರ್ ಅಷ್ಟೇ ಅಥವಾ ಸ್ವಲ್ಪ ಹೆಚ್ಚು ಇರುವುದನ್ನು ಹಾಕಿ.

ಒಳಗಿನ ರೂಮಿನದು ಗೋಡೆಗಳ ಸಮಸ್ಯೆ. ವೈಫೈಗೆ 5 ಮತ್ತು 2.4 ಗಿಗಾಹರ್ಟ್ಸ್ ಅಂತ ಎರಡು ಬ್ಯಾಂಡ್ ಇರುತ್ತವೆ. 5 ಗಿಗಾಹರ್ಟ್ಸ್ ವೇಗವಾದದ್ದು, ಆದರೆ ಗೋಡೆ ದಾಟುವಾಗ ಬೇಗ ಸೊರಗುತ್ತದೆ. 2.4 ದೂರ ಹೋಗುತ್ತದೆ, ಆದರೆ ಅಕ್ಕಪಕ್ಕದ ಮನೆಯವರ ವೈಫೈಗಳೂ ಅಲ್ಲೇ ಕಿಕ್ಕಿರಿದಿರುತ್ತವೆ. ಅದರಲ್ಲಿ ಚಾನೆಲ್ 1, 6, 11ರಲ್ಲಿ ಖಾಲಿ ಇರುವುದನ್ನು ಆರಿಸಿ. ಮೋಡೆಮ್ ಟಿವಿ ಹಿಂದೆ ಇದ್ದರೆ ಹೊರಗೆ ತೆಗೆದು ಎತ್ತರದಲ್ಲಿಡಿ.

ಇಷ್ಟೆಲ್ಲಾ ಆದಮೇಲೂ ರೂಮಿನಲ್ಲಿ ಸಾಲದಿದ್ದರೆ ಆಗ ಖರೀದಿಯ ಮಾತು. ಕಂಪನಿಯ ಫೈಬರ್ ಮೋಡೆಮ್ ಇರಲಿ. ಸಾಮಾನ್ಯವಾಗಿ ಅವರು ಸೀರಿಯಲ್ ನಂಬರ್ ನೋಂದಾಯಿಸದೆ ಬೇರೆ ಪೆಟ್ಟಿಗೆ ಕೆಲಸ ಮಾಡುವುದಿಲ್ಲ. ಬೇರೆ ವೈಫೈ 6 ರೂಟರ್ ತಂದು, ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ಕೇಬಲ್‌ನಲ್ಲಿ ಬಂದ ಇಂಟರ್ನೆಟ್ಟನ್ನು ವೈಫೈ ಆಗಿ ಹಂಚುವುದಷ್ಟೇ ಕೆಲಸ) ಹಾಕಿ, ಆ ರೂಮಿಗೆ ಕೇಬಲ್ ಎಳೆಸಿ ಅಲ್ಲೇ ಇಡಿ. ಕೊಳ್ಳುವಾಗ ಆಂಟೆನಾ ಎಷ್ಟಿವೆ ಅಂತ ಎಣಿಸಬೇಡಿ. ಪೆಟ್ಟಿಗೆ ಮೇಲಿನ 1200, 1500 ಎರಡೂ ಬ್ಯಾಂಡ್ ಕೂಡಿಸಿ ಬರೆದ ಲೆಕ್ಕ. ಅಂಥ ಕೆಲವು ರೂಟರ್‌ಗಳಲ್ಲೂ ಪೋರ್ಟು 100ರದ್ದೇ ಇರುತ್ತದೆ, ಹಾಗಾಗಿ ಎಲ್ಲಾ ಪೋರ್ಟೂ ಗಿಗಾಬಿಟ್ ಅಂತ ಬರೆದಿದ್ದರೆ ಮಾತ್ರ ದುಡ್ಡು ಕೊಡಿ.