ಬಿದ್ದು ಸೊಟ್ಟಗಾದ ಗಿಲೆಟ್ ಸ್ಲಿಮ್ ರೇಜರ್ ಸರಿ ಮಾಡಬಹುದಾ?

ನೀವು ಕೇಳಿದ್ದು ಇಷ್ಟು: ಅಜ್ಜನ ಗಿಲೆಟ್ ಸ್ಲಿಮ್ ಅಡ್ಜಸ್ಟಬಲ್ ಬಚ್ಚಲುಮನೆ ಕಲ್ಲಿನ ಮೇಲೆ ಬಿದ್ದಿದೆ, ಬ್ಲೇಡ್ ಮೇಲೆ ಮುಚ್ಚಿಕೊಳ್ಳುವ ತಲೆಯ ಎರಡು ಬಾಗಿಲುಗಳಲ್ಲಿ ಒಂದು ಪೂರ್ತಿ ಮುಚ್ಚುತ್ತಿಲ್ಲ, ಆ ಕಡೆ ಬ್ಲೇಡ್ ಜಾಸ್ತಿ ಹೊರಗೆ ಕಾಣುತ್ತದೆ, ಬ್ಲೇಡಿನ ಸಂದು ಹೆಚ್ಚು ಕಡಿಮೆ ಮಾಡುವ ಅಂಕಿಯ ಡಯಲ್ ಕೂಡ ಬಿಗಿಯಾಗಿದೆ, ಮಡಿಕೇರಿ ಕಡೆ ಯಾರಾದರೂ ರಿಪೇರಿ ಮಾಡುತ್ತಾರಾ ಅಂತ. ಹೆಚ್ಚಿನ ಕೆಲಸ ನೀವೇ ಮಾಡಿಕೊಳ್ಳಬಹುದು. ನಾನು ಗೋಣಿಕೊಪ್ಪದ ಕಡೆಯವನು. ಅಪ್ಪ ಮಿಲಿಟರಿಯಲ್ಲಿದ್ದಾಗ ತಂದ ಇದೇ ಮಾಡೆಲ್ ನನ್ನ ಹತ್ತಿರ ಇದೆ, ಅದೂ ಹೀಗೇ ಬಿದ್ದು ಸೊಟ್ಟಗಾಗಿತ್ತು, ಇವತ್ತಿಗೂ ಅದರಲ್ಲೇ ಶೇವ್ ಮಾಡುತ್ತೇನೆ.

ಮೊದಲು ಒಂದು ಮಾತು. ಹಿಡಿಯ ಕೆಳತುದಿಯ ತಿರುಪನ್ನು ಬಲವಾಗಿ ತಿರುಗಿಸಿ ಬಾಗಿಲು ಮುಚ್ಚಿಸಲು ಹೋಗಬೇಡಿ. ಹಿಡಿಯ ಒಳಗಿನ ಒಂದೇ ಕಂಬಿ ಎರಡೂ ಬಾಗಿಲನ್ನು ಎಳೆಯುತ್ತದೆ. ಒಂದು ಕಡೆ ಸಿಕ್ಕಿಕೊಂಡಿರುವಾಗ ನೀವು ಜೋರು ಮಾಡಿದರೆ ಆ ಬಲವೆಲ್ಲ ತಲೆಯ ತುದಿಗಳಲ್ಲಿರುವ ತೆಳು ಪಟ್ಟಿಗಳ ಮೇಲೆ ಬೀಳುತ್ತದೆ, ಮತ್ತು ಬಿದ್ದ ರೇಜರಿನಲ್ಲಿ ಏಟು ತಿಂದಿರುವುದು ಸಾಮಾನ್ಯವಾಗಿ ಆ ಪಟ್ಟಿಗಳೇ. ಸರಿಯಾಗುವ ತನಕ ಮುಖಕ್ಕೂ ಹಚ್ಚಬೇಡಿ.

ಎಲ್ಲಿ ಬಾಗಿದೆ ಅಂತ ಗೊತ್ತಾಗದೆ ಏನೂ ಬಗ್ಗಿಸಬಾರದು. ಬ್ಲೇಡ್ ಇಲ್ಲದೆ ತೆರೆದು ಮುಚ್ಚಿ ನೋಡಿ. ಖಾಲಿ ಇದ್ದಾಗಲೂ ಒಂದು ಬಾಗಿಲು ಎದ್ದೇ ಇದ್ದರೆ ತಪ್ಪು ಬಾಗಿಲಲ್ಲಿ ಅಥವಾ ತುದಿಯ ಪಟ್ಟಿಯಲ್ಲಿ. ಖಾಲಿಯಾಗಿ ಚೆನ್ನಾಗಿ ಮುಚ್ಚಿಕೊಂಡು, ಬ್ಲೇಡ್ ಹಾಕಿದಾಗ ಮಾತ್ರ ಓರೆ ಕಂಡರೆ ಬ್ಲೇಡಿನ ಕೆಳಗೆ ಚರ್ಮಕ್ಕೆ ತಾಗುವ ಅಂಚು, ಅಂದರೆ ಗಾರ್ಡ್, ಬಾಗಿರಬಹುದು, ಇಲ್ಲವೇ ಬ್ಲೇಡೇ ಸರಿ ಕೂತಿರುವುದಿಲ್ಲ. ಅದನ್ನು ತಿಳಿಯಲು ಬ್ಲೇಡನ್ನು ಎಡಬಲ ತಿರುಗಿಸಿ ಹಾಕಿ. ಓರೆ ಬ್ಲೇಡಿನ ಜೊತೆ ಆ ಕಡೆ ಹೋದರೆ ಬ್ಲೇಡಿನ ತಪ್ಪು, ಅಲ್ಲೇ ಉಳಿದರೆ ರೇಜರಿನದು. ಸುಮ್ನೆ ಬೇರೆ ಕಂಪನಿಯ ಬ್ಲೇಡನ್ನೂ ಒಂದು ಸಲ ಹಾಕಿ ನೋಡಿ.

ಸಂದು ಅಳೆಯಲು ಕಣ್ಣು ಸಾಲದು. ಜೀಪ್ ಮೆಕ್ಯಾನಿಕ್ ಹತ್ತಿರ ಎಂಜಿನ್ನಿನ ಸಂದು ನೋಡುವ ಫೀಲರ್ ಗೇಜ್, ಅಂದರೆ ಬೇರೆ ಬೇರೆ ದಪ್ಪದ ತೆಳು ಉಕ್ಕಿನ ಎಲೆಗಳ ಗೊಂಚಲು, ಇರುತ್ತದೆ, ಅದನ್ನು ಕೇಳಿ ತನ್ನಿ. ಹಳೇ ಬ್ಲೇಡ್ ಹಾಕಿ, ಡಯಲನ್ನು ಒಂದೇ ಅಂಕಿಯಲ್ಲಿಟ್ಟು, ಬ್ಲೇಡಿಗೂ ಗಾರ್ಡಿಗೂ ನಡುವೆ ಎರಡೂ ಕಡೆ, ಎರಡೂ ತುದಿಯಲ್ಲಿ ತೂರಿಸಿ ನೋಡಿ. ಆ ಬ್ಲೇಡ್ ಆಮೇಲೆ ಬಳಸಬೇಡಿ, ಅಂಚು ಹೋಗಿರುತ್ತದೆ. ಈ ಅಳತೆ ಸಿಕ್ಕಿದ ಮೇಲೆ ಅರ್ಧ ರಿಪೇರಿ ಆದ ಹಾಗೇ.

ಇನ್ನು ಬಗ್ಗಿಸುವುದು. ಇದು ಹಿತ್ತಾಳೆ, ಮೇಲೆ ನಿಕ್ಕಲ್ ಲೇಪ. ಹಿತ್ತಾಳೆ ಒಂದೆರಡು ಸಲ ಬಗ್ಗುತ್ತದೆ, ಹಿಂದಕ್ಕೆ ಮುಂದಕ್ಕೆ ಆಡಿಸುತ್ತಾ ಹೋದರೆ ಬಿರುಕು ಬಿಟ್ಟು ಮುರಿಯುತ್ತದೆ. ಇಕ್ಕಳ ಬೇಡ. ಕಾಫಿ ಗಿಡ ಕಸಿ ಮಾಡಿದಾಗ, ಅಂದರೆ ರೆಂಬೆ ಸವರಿದಾಗ, ಸಿಗುವ ಕಡ್ಡಿ ಚೆನ್ನಾಗಿ ಒಣಗಿದ್ದರೆ ಅದೇ ಒಳ್ಳೆಯದು, ಗಟ್ಟಿ ಇರುತ್ತದೆ ಆದರೆ ಲೇಪ ಕೆರೆಯುವುದಿಲ್ಲ. ತುದಿಯನ್ನು ಚಪ್ಪಟೆಯಾಗಿ ಕೆತ್ತಿ, ಬಾಗಿದ ಜಾಗಕ್ಕೆ ಆನಿಸಿ, ಬೆರಳಿನ ಬಲದಲ್ಲಿ ನಿಧಾನವಾಗಿ ಒತ್ತಿ. ಕೂದಲೆಳೆಯಷ್ಟು ಸರಿದರೆ ಸಾಕು, ನಿಲ್ಲಿಸಿ ಮತ್ತೆ ಅಳೆಯಿರಿ. ಒಂದೇ ಸಲ ಪೂರ್ತಿ ನೇರ ಮಾಡುವ ಆತುರ ಬೇಡ. ಪಟ್ಟಿಯಲ್ಲಿ ಕೂದಲಿನಂಥ ಗೆರೆ ಕಂಡರೆ ಅದು ಬಿರುಕು, ಅಲ್ಲಿಗೇ ಕೈ ಬಿಡಿ.

ಡಯಲ್ ಬಿಗಿಯಾಗಿರುವುದಕ್ಕೆ ಏಟೇ ಕಾರಣ ಅಂತ ಅಂದುಕೊಳ್ಳಬೇಡಿ. ಅಷ್ಟು ವರ್ಷದ ಸೋಪು ಒಳಗೆ ಗಟ್ಟಿಯಾಗಿರುತ್ತದೆ ಅಲ್ವಾ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ನೆನೆಸಿಡಿ, ಹಳೇ ಬ್ರಶ್ಶಿನಿಂದ ಉಜ್ಜಿ, ಒರೆಸಿ ಒಣಗಿಸಿ, ಹೊಲಿಗೆ ಮೆಷಿನ್ ಎಣ್ಣೆ ಒಂದು ತೊಟ್ಟು ಬಿಡಿ. ತೆಂಗಿನೆಣ್ಣೆ ಬೇಡ, ನಮ್ಮ ಕಡೆಯ ಚಳಿಗೆ ಹೆಪ್ಪುಗಟ್ಟುತ್ತದೆ. ಹಿತ್ತಾಳೆ ಅಂತ ಹುಣಸೆಹಣ್ಣು ಹಾಕಿ ತಿಕ್ಕಲೂಬೇಡಿ, ಹುಳಿ ಲೇಪವನ್ನು ಹಾಳು ಮಾಡುತ್ತದೆ. ಅಂಕಿ ಬದಲಿಸುವ ಮುಂಚೆ ಕೆಳಗಿನ ತಿರುಪನ್ನು ಸ್ವಲ್ಪ ಸಡಿಲ ಮಾಡಿಕೊಳ್ಳಿ, ಆಗ ಬ್ಲೇಡಿನ ಒತ್ತಡ ಇಳಿದು ಡಯಲ್ ಸುಲಭವಾಗಿ ತಿರುಗುತ್ತದೆ.

ಹಿಡಿ ಬಿಚ್ಚಲು ಮಾತ್ರ ಹೋಗಬೇಡಿ. ಮನೆಯಲ್ಲಿ ಬಿಚ್ಚಿ ಜೋಡಿಸುವ ಹಾಗೆ ಇದನ್ನು ಮಾಡಿಲ್ಲ, ಮತ್ತೆ ಕೂರಿಸುವಾಗ ಡಯಲಿನ ಅಂಕಿಗೂ ನಿಜವಾದ ಸಂದಿಗೂ ಹೊಂದಿಕೆ ತಪ್ಪಿದರೆ ಹೊಸ ತಲೆನೋವು.

ನಿಮ್ಮ ಕೈಯಲ್ಲಿ ಆಗಲಿಲ್ಲ ಅಂದರೆ ಅಂಗಡಿ ಅಂಗಡಿ ಅಲೆಯುವುದಕ್ಕಿಂತ ಕೋವಿ ರಿಪೇರಿ ಮಾಡುವವರನ್ನೋ, ಕೊಡವರು ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಗೆ ಬೆಳ್ಳಿ ಕೆಲಸ ಮಾಡುವ ಅಕ್ಕಸಾಲಿಯನ್ನೋ ಕೇಳಿ. ಸಣ್ಣ ಲೋಹದ ಕೆಲಸದಲ್ಲಿ ಅವರ ಕೈ ಪಳಗಿರುತ್ತದೆ. ಬೆಸುಗೆ ಹಾಕುತ್ತೇವೆ ಅಂದರೆ ಮೊದಲೇ ಯೋಚಿಸಿ, ಬಿಸಿ ತಾಗಿದರೆ ಲೇಪದ ಬಣ್ಣ ಹೋಗುತ್ತದೆ. ಪಟ್ಟಿ ಮುರಿದೇ ಹೋಗಿದ್ದರೆ ಬೆಸುಗೆ ಬಿಟ್ಟು ಬೇರೆ ದಾರಿ ಇಲ್ಲ, ಅಥವಾ ಅದೇ ಮಾಡೆಲಿನ ಇನ್ನೊಂದು ಹಾಳಾದ ರೇಜರ್ ಹುಡುಕಿ ಅದರ ಭಾಗ ಹಾಕಿಸಬೇಕು.

ತಲೆಯ ಕೆಳಗೆ ಐ 2 ಅಂತ ಇದೆ, ಏನದು ಅಂತಲೂ ಕೇಳಿದ್ದೀರಿ. ಅಕ್ಷರ ವರ್ಷಕ್ಕೆ, ಅಂಕಿ ಆ ವರ್ಷದ ಯಾವ ಮೂರು ತಿಂಗಳು ಅನ್ನುವುದಕ್ಕೆ. ಐ ಅಂದರೆ 1963, ಹಾಗಾಗಿ ನಿಮ್ಮದು ಏಪ್ರಿಲ್‌ನಿಂದ ಜೂನ್ ನಡುವೆ ತಯಾರಾದದ್ದು. ಕಷ್ಟಪಟ್ಟು ಉಳಿಸಿಕೊಳ್ಳುವಂಥ ವಸ್ತು ಅದು.

ಸರಿ ಮಾಡಿದ ಮೇಲೆ ಹೊಸ ಬ್ಲೇಡ್ ಹಾಕಿ, ಡಯಲ್ 1ರಲ್ಲಿಟ್ಟು ಮೊದಲು ಕೆನ್ನೆ ಮೇಲೆ ಮಾತ್ರ ಎರಡೂ ಬದಿಯಿಂದ ಎಳೆದು ನೋಡಿ. ಒಂದು ಬದಿ ಕೆರೆದ ಹಾಗೆ ಅನಿಸಿದರೆ ಗಂಟಲಿಗೆ ಹೋಗದೆ ಮತ್ತೆ ಅಳೆಯಿರಿ. ಬಗ್ಗಿಸುವ ಮುಂಚೆ ತಲೆಯನ್ನು ತುದಿಯ ಕಡೆಯಿಂದ ಬೆಳಕಿಗೆ ಹಿಡಿದು ಒಂದು ಫೋಟೋ ತೆಗೆದು ಇಲ್ಲಿ ಹಾಕಿ, ಯಾವ ಪಟ್ಟಿ ಬಾಗಿದೆ ಅಂತ ನೋಡಿ ಹೇಳುತ್ತೇನೆ.